ಪದಚರ್ಚೆ: ಹಳೇ ಕಾರಿಗೆ ಮಾಡುವುದು ರಿಪೇರಿಯೋ, ಜೀರ್ಣೋದ್ಧಾರವೋ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ಇಂಗ್ಲೆಂಡಿನಲ್ಲಿ. 1972ರ ಎಂಜಿಬಿ ರೋಡ್‌ಸ್ಟರ್ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು, ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ ಹರಡಿಕೊಂಡಿದ್ದೇನೆ. ಎರಡು ಸೀಟು, ಬಟ್ಟೆಯ ಟಾಪು. 1962ರಿಂದ 1980ರವರೆಗೆ ಆಬಿಂಗ್ಡನ್ ಊರಿನ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು. ಹಾಗಾಗಿ ಬಿಡಿಭಾಗಗಳಿಗೆ ಬರವಿಲ್ಲ, ಬರ ಇರುವುದು ಪದಕ್ಕೆ. ಈ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟಿದ್ದೇನೆ. ಹಳತನ್ನು ಅದರ ಮೂಲ ರೂಪಕ್ಕೇ ಮರಳಿ ತರುವ ಕೆಲಸಕ್ಕೆ ಇಲ್ಲಿಯವರು ರೆಸ್ಟೋರೇಶನ್ ಅನ್ನುತ್ತಾರೆ, ಅದಕ್ಕೆ ನಮ್ಮಲ್ಲಿ ಏನನ್ನೋಣ?

ರಿಪೇರಿ, ದುರಸ್ತಿ ಎರಡೂ ಸಾಲುವುದಿಲ್ಲ. ಕೆಟ್ಟ ಗಾಡಿ ಓಡಿದರೆ ರಿಪೇರಿ ಮುಗಿಯಿತು. ಇಂಜಿನ್‌ಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಹೋಗಿದೆಯಾ, ಗುಜರಿಯಿಂದ ಯಾವುದೋ ಒಂದನ್ನು ತಂದು ಕೂರಿಸು, ಹೊರಡು. ಇಲ್ಲಿ ಹಾಗಲ್ಲ. ಈ ಕಾರಿಗೆ ಬಂದದ್ದು ಎಸ್‌ಯು ಕಂಪನಿಯ ಜೋಡಿ ಕಾರ್ಬುರೇಟರ್, ಅದೇ ಇರಬೇಕು. 'ನವೀಕರಣ' ಅಂದರೆ ಅರ್ಥ ಉಲ್ಟಾ ಆಗುತ್ತದೆ, ಜೊತೆಗೆ ಲೈಸೆನ್ಸ್ ನೆನಪಾಗುತ್ತದೆ. 'ಪುನಶ್ಚೇತನ' ಅಂದರೆ ನಷ್ಟದಲ್ಲಿರುವ ಸಕ್ಕರೆ ಕಾರ್ಖಾನೆ ಕಣ್ಣ ಮುಂದೆ ಬರುತ್ತದೆ.

ಉಳಿದದ್ದು ಜೀರ್ಣೋದ್ಧಾರ. ದೇವಸ್ಥಾನಕ್ಕೆ, ಕೆರೆಗೆ, ಕಲ್ಯಾಣಿಗೆ ಹೇಳುವ ಮಾತು. ಫೋನಿನಲ್ಲಿ ಅತ್ತಿಗೆಗೆ 'ಕಾರಿನ ಜೀರ್ಣೋದ್ಧಾರ ನಡೀತಿದೆ' ಅಂದೆ. 'ಕುಂಭಾಭಿಷೇಕಕ್ಕೆ ಕರೀರಿ, ಬರ್ತೀವಿ' ಅಂದರು! ನಗು ಬರುತ್ತೆ, ಸರಿ. ಆದರೆ ಅರ್ಥ ನೋಡಿ. ನಮ್ಮ ಶಾಸನಗಳಲ್ಲಿ ಗುಡಿಗೆ ದತ್ತಿ ಬಿಡುವಾಗ 'ಖಂಡಸ್ಫುಟಿತ ಜೀರ್ಣೋದ್ಧಾರ' ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಖಂಡ ಅಂದರೆ ಮುರಿದದ್ದು, ಸ್ಫುಟಿತ ಅಂದರೆ ಬಿರುಕು ಬಿಟ್ಟದ್ದು, ಜೀರ್ಣ ಅಂದರೆ ಹಳತಾಗಿ ಸವೆದದ್ದು. ನನ್ನ ಕಾರಿನಲ್ಲಿ ಈ ಮೂರೂ ಇವೆ, ತುಕ್ಕೊಂದು ಹೆಚ್ಚಿಗೆ. ನನ್ನ ಓಟು ಸದ್ಯಕ್ಕೆ ಈ ಪದಕ್ಕೇ.

ತುಕ್ಕು ಅಂದಾಗ ನೆನಪಾಯಿತು. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು ಅಂತ ನಾವು ಬೇರೆ ಬೇರೆ ಹೇಳುತ್ತೇವೆ, ಅಲ್ವಾ? ಗ್ಯಾರೇಜಿನಲ್ಲಿ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ತಗಡಿಗೆ ತುಕ್ಕು, ವೈರಿನ ತುದಿಗೆ ಕಿಲುಬು. ಒಂದೊಂದಕ್ಕೂ ಮದ್ದು ಬೇರೆ.

ಇನ್ನೊಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಬಾಗಿಲ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಓಡುವ ತಗಡಿನ ಕೊಳವೆಯಂಥ ಭಾಗಕ್ಕೆ ಇಲ್ಲಿ ಸಿಲ್ ಅನ್ನುತ್ತಾರೆ. ಎಂಜಿಬಿಗೆ ಬೇರೆ ಶಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ, ಮೈಯೇ ಶಾಸಿ. ಮೇಲೆ ಗಟ್ಟಿ ಛಾವಣಿಯೂ ಇಲ್ಲ. ಹಾಗಾಗಿ ಕಾರು ನಡುವೆ ಬಾಗದೆ ನಿಲ್ಲಲು ಈ ಭಾಗವೇ ಮುಖ್ಯ. ನನ್ನದರಲ್ಲಿ ಹೊರಗಿನ ಪೇಂಟ್ ಥಳಥಳ ಅಂತಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದೆ. ಟಣ್, ಟಣ್, ಆಮೇಲೆ ದಪ್. ದಪ್ ಅಂದ ಕಡೆ ತುದಿಯಿಂದ ಒತ್ತಿದರೆ ಸೀದಾ ಒಳಗೆ ಹೋಯಿತು. ಹಿಂದಿನ ಮಾಲೀಕರು ತೂತಿಗೆ ಬೆರಳು ದಪ್ಪ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿದ್ದರು. ಇದನ್ನು ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪು ವೆಲ್ಡ್ ಮಾಡಬೇಕು. ಇಲ್ಲದಿದ್ದರೆ ಮೈ ಕುಸಿದು, ಆಮೇಲೆ ಬಾಗಿಲು ಜಪ್ಪಯ್ಯ ಅಂದರೂ ಕೂರುವುದಿಲ್ಲ. ನಾನು ಇದನ್ನು 'ಹೊಸ್ತಿಲು' ಅಂತ ಬರೆಯುತ್ತಿದ್ದೇನೆ. ದಾಟಿಯೇ ಒಳಗೆ ಹೋಗುವುದು ತಾನೇ? ಊರ ಗ್ಯಾರೇಜುಗಳಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ ತಿಳಿಸಿ.

ಉಳಿದ ಕೆಲಸಗಳಿಗೆ ನಮ್ಮ ಮೆಕ್ಯಾನಿಕ್‌ಗಳ ಮಾತೇ ಸಾಕು. ಇಂಜಿನ್ 'ಇಳಿಸು', 'ಬೋರ್ ಮಾಡಿಸು', 'ಕೂರಿಸು'. ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಯಾವ ಕಂಪನಿಯದಾದರೂ, ಒಂದು ಕಂಪನಿಯ ಹೆಸರಿನಿಂದ ಅದು 'ಡೆಲ್ಕೋ'ನೇ. ನನ್ನದು ಲ್ಯೂಕಾಸ್, ಇರಲಿ ಬಿಡಿ. 'ಬಾಡಿ ಕಟ್ಟಿಸು' ಅನ್ನುವುದಂತೂ ಲಾರಿ, ಬಸ್ಸಿನವರು ಕೊಟ್ಟ ಒಳ್ಳೆಯ ಮಾತು. ಬ್ರಿಟಿಷ್ ಮೋಟರ್ ಹೆರಿಟೇಜ್ ಅನ್ನುವ ಕಂಪನಿ 1988ರಿಂದ ಎಂಜಿಬಿಗೆ ಹೊಚ್ಚ ಹೊಸ ಮೈಯನ್ನೇ ಮಾರುತ್ತಿದೆ. ಅದನ್ನು ತಂದು ಹಳೇ ಇಂಜಿನ್ ಕೂರಿಸಿದರೆ ಜೀರ್ಣೋದ್ಧಾರ ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಅದು ಬಾಡಿ ಕಟ್ಟಿಸಿದ್ದು, ಅಷ್ಟೇ.

ಕೊನೆಯದು, ಕಾರಿನ ಹೆಸರು. 'ಹಳೇ ಕಾರು' ಅಂದರೆ ಸೆಕೆಂಡ್ ಹ್ಯಾಂಡ್ ಅಂದುಕೊಳ್ಳುತ್ತಾರೆ. 'ವಿಂಟೇಜ್' ಬಳಸೋಣ ಅಂದರೆ ತೊಡಕಿದೆ. ಭಾರತದ 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿ ವಿಂಟೇಜ್. ಅದರ ನಂಬರ್ ಪ್ಲೇಟಿನಲ್ಲಿ 'ವಿಎ' ಅಂತಿರುತ್ತದೆ. ಇಂಗ್ಲೆಂಡಿನ ಕಾರು ಪ್ರಿಯರು ಆ ಮಾತನ್ನು 1930ರವರೆಗಿನ ಕಾರುಗಳಿಗಷ್ಟೇ ಹೇಳುತ್ತಾರೆ. ಅಂದರೆ ವಯಸ್ಸಿನ ಲೆಕ್ಕದಲ್ಲಿ ನನ್ನ ಕಾರು ಬೆಂಗಳೂರಿನಲ್ಲಿ ವಿಂಟೇಜ್, ಇಲ್ಲಿ ಬರೀ ಕ್ಲಾಸಿಕ್. ಸುಮ್ನೆ 'ಕ್ಲಾಸಿಕ್ ಕಾರು' ಅಂತಲೇ ಇಟ್ಟುಕೊಳ್ಳೋಣ ಅನಿಸುತ್ತಿದೆ. 'ಪುರಾತನ' ಅನ್ನುವ ಸಲಹೆ ಮಾತ್ರ ಬೇಡ, 1972ರಲ್ಲಿ ಹುಟ್ಟಿದವರು ನಮ್ಮ ಮನೆಯಲ್ಲೇ ಇದ್ದಾರೆ.

ಹಾಗಾದರೆ, ಜೀರ್ಣೋದ್ಧಾರ ಕಾರಿಗೆ ಒಗ್ಗುತ್ತದೆಯೇ? ಹುಬ್ಬಳ್ಳಿ, ಮಂಗಳೂರು ಕಡೆಯವರು ಏನನ್ನುತ್ತೀರಿ?