ಸಹಾಯ ಬೇಕು: ಟಿಎಂಟಿ ನಾರ್ಮಲ್, ಲಿಪೋಪ್ರೋಟೀನ್-ಎ ಮಾತ್ರ ಹೆಚ್ಚು

ಎಲ್ಲರಿಗೂ ನಮಸ್ಕಾರ. ಗದಗದಲ್ಲಿರುವ ನಮ್ಮ ಅಣ್ಣನಿಗೆ ಈಗ 46 ವರ್ಷ. ಸಿಗರೇಟಿನ ಚಟವಾಗಲಿ ಸಕ್ಕರೆ ಕಾಯಿಲೆಯಾಗಲಿ ಇಲ್ಲ, ಆದರೆ ತಂದೆಯವರು 52ನೇ ವಯಸ್ಸಿನಲ್ಲೇ ಹೃದಯಾಘಾತದಿಂದ ತೀರಿಕೊಂಡ ಕಾರಣ ಹುಬ್ಬಳ್ಳಿಯಲ್ಲಿ ತಪಾಸಣೆ ಮಾಡಿಸಿದೆವು. ಇಸಿಜಿ, ಎಕೋ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸುತ್ತ ಮಾಡುವ ಇಸಿಜಿ) ಮೂರೂ ನಾರ್ಮಲ್. ರಕ್ತದ ವರದಿಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 138, ಲಿಪೋಪ್ರೋಟೀನ್-ಎ (ಎಲ್‌ಡಿಎಲ್‌ನಂತೆಯೇ ಕೊಲೆಸ್ಟ್ರಾಲ್ ಹೊರುವ ಇನ್ನೊಂದು ಕಣ) 82 ಮಿಲಿಗ್ರಾಂ ಇದ್ದು, ಎರಡನೆಯದರ ಮುಂದೆ ದಪ್ಪಕ್ಷರದಲ್ಲಿ ‘ಹೈ’ ಎಂದು ಅಚ್ಚಾಗಿದೆ. ದೇಹದಲ್ಲಿನ ಉರಿಯೂತ ತೋರಿಸುವ ಎಚ್‌ಎಸ್-ಸಿಆರ್‌ಪಿ 4.1 ಇದೆಯಾದರೂ ಆ ವಾರ ಅವನಿಗೆ ನೆಗಡಿ, ಕೆಮ್ಮು ಇದ್ದುದರಿಂದ ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಹೃದ್ರೋಗ ತಜ್ಞರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಆರಂಭಿಸಲು ಹೇಳಿದ್ದಾರೆ. ಊರಿನ ಡಾಕ್ಟರು ‘ಟಿಎಂಟಿ ಚಲೋ ಐತಿ, ದಿನಾ ವಾಕಿಂಗ್ ಮಾಡ್ರಿ ಸಾಕು’ ಎನ್ನುತ್ತಾರೆ. ನಾನು ಓದಿ ತಿಳಿದ ಮಟ್ಟಿಗೆ, ಟಿಎಂಟಿಯಲ್ಲಿ ಗೊತ್ತಾಗುವುದು ಶ್ರಮದ ವೇಳೆ ರಕ್ತದ ಹರಿವಿಗೆ ಅಡ್ಡಿಯಾಗುವಷ್ಟು ಬೆಳೆದ ಬ್ಲಾಕ್ ಮಾತ್ರ. ರಕ್ತನಾಳದ ಗೋಡೆಯಲ್ಲಿ ಈಗಷ್ಟೇ ಕೂಡುತ್ತಿರುವ ಕೊಬ್ಬು ಅದರಲ್ಲಿ ಕಾಣಿಸದು. ಇತ್ತ ಲಿಪೋಪ್ರೋಟೀನ್-ಎ ಬಹುಪಾಲು ಅನುವಂಶೀಯವಾದ್ದರಿಂದ ಪಥ್ಯ, ವ್ಯಾಯಾಮಗಳಿಂದ ಹೆಚ್ಚೇನೂ ಇಳಿಯುವುದಿಲ್ಲ, ಸ್ಟ್ಯಾಟಿನ್‌ನಿಂದಲೂ ಇಳಿಯುವುದಿಲ್ಲ. ಹಾಗಾದರೆ ಮಾತ್ರೆ ಎಲ್‌ಡಿಎಲ್ ಇಳಿಸಿ ಒಟ್ಟು ಅಪಾಯವನ್ನು ತಗ್ಗಿಸಲೆಂದೇ ಇರಬೇಕು.

ಹೃದ್ರೋಗ ವಿಭಾಗದಲ್ಲಿ ಕೆಲಸ ಮಾಡುವವರು, ಇಂಥದೇ ವರದಿ ಬಂದವರು ದಯವಿಟ್ಟು ತಿಳಿಸಿ: ಮಾತ್ರೆಗೆ ಮೊದಲು ಸಿಟಿ ಕ್ಯಾಲ್ಸಿಯಂ ಸ್ಕೋರ್ (ಹೃದಯದ ರಕ್ತನಾಳಗಳಲ್ಲಿ ಕೂಡಿದ ಕ್ಯಾಲ್ಸಿಯಂ ಅಳೆಯುವ ಸ್ಕ್ಯಾನ್) ಮಾಡಿಸಿದರೆ ನಿರ್ಧಾರಕ್ಕೆ ನೆರವಾಗುವುದೇ, ಇಲ್ಲವೇ ಸ್ಕೋರ್ ಸೊನ್ನೆ ಬಂದರೂ ತಂದೆಯವರ ಇತಿಹಾಸ ಮತ್ತು ಈ ಲಿಪೋಪ್ರೋಟೀನ್-ಎ ಮಟ್ಟಕ್ಕೆ ಮಾತ್ರೆ ಬೇಕಾಗುವುದೇ?