ಗ್ರೈಂಡರ್ ಬರ್‌ಗೆ ಕಚ್ಚಿಕೊಂಡ ಪ್ರೆಸ್ ಫಿಟ್ ರಿಂಗ್ ಬಿಡಿಸೋದು ಹೇಗೆ?

ಪ್ರಶ್ನೆ
ಎಲೆಕ್ಟ್ರಿಕ್ ಕಾಫಿ ಗ್ರೈಂಡರ್‌ನ ಹೊರ ಬರ್ (ಕಾಳು ಬೀಸೋ ಹಲ್ಲಿನ ಬಳೆ), ಕೋನಿಕಲ್, ಹೊರವ್ಯಾಸ 48 ಮಿ.ಮೀ. ಅದರ ಸುತ್ತ 8 ಮಿ.ಮೀ. ದಪ್ಪದ ಬಿಳಿ ಲೋಹದ ರಿಂಗ್ ಇದೆ. ಸ್ಕ್ರೂ ಇಲ್ಲ, ಸರ್ಕ್ಲಿಪ್ (ಹಿಡಿದಿಡೋ ಸ್ಪ್ರಿಂಗ್ ಬಳೆ) ಇಲ್ಲ, ಬರೀ ಪ್ರೆಸ್ ಫಿಟ್, ಅಂದ್ರೆ ಬಿಗಿಯಾಗಿ ಒತ್ತಿ ಕೂರಿಸಿದ್ದು. ಹಲ್ಲು ಸವೆದಿದೆ, ಫಿಲ್ಟರ್‌ಗೆ ಬೀಸಿದ್ರೆ ತರಿಯೂ ಹಿಟ್ಟೂ ಬೆರೆತು ಬರ್ತಿದೆ. ಹೊಸ ಬರ್ ಸಿಗುತ್ತೆ, ರಿಂಗ್ ಬಿಡಿಯಾಗಿ ಸಿಗಲ್ಲ. ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ಮರದ ಸುತ್ತಿಗೆಯಿಂದ ಬಡಿದರೂ ಜಗ್ಗಲಿಲ್ಲ. ಗ್ಯಾಸ್ ಟಾರ್ಚ್ ಹಿಡಿಯಬಹುದಾ?

ಉತ್ತರ 1
ಟಾರ್ಚ್ ಬೇಡವೇ ಬೇಡ. ರಿಂಗ್ ಅಲ್ಯೂಮಿನಿಯಂ ಆಗಿದ್ದರೆ ಎಷ್ಟೇ ಕಾದರೂ ಕೆಂಪಗಾಗಿ ಎಚ್ಚರಿಸಲ್ಲ. ಒಂದೇ ಕಡೆ ಬಿಸಿ ತಾಗಿ ವಕ್ರವಾದರೆ ಮುಗೀತು.

ಫ್ರೀಜರ್ ಕೆಲಸವನ್ನ ತಿರುವುಮುರುವು ಮಾಡಿದೆ. ಅಲ್ಯೂಮಿನಿಯಂ ಬರ್‌ನ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ, ಅಷ್ಟೇ ಕುಗ್ಗುತ್ತೆ ಕೂಡ. ಎರಡೂ ಒಟ್ಟಿಗೆ −18 ಡಿಗ್ರಿಗೆ ಇಳಿದಾಗ ಹೊರಗಿನ ರಿಂಗ್ ಸುಮಾರು 0.025 ಮಿ.ಮೀ. ಇನ್ನೂ ಬಿಗಿಯಾಯ್ತು. ಅದೇ ಜೋಡಿಯನ್ನ 30ರಿಂದ 120 ಡಿಗ್ರಿಗೆ ಕಾಯಿಸಿದ್ರೆ 0.047 ಮಿ.ಮೀ. ಸಡಿಲ ಸಿಗುತ್ತೆ. ಈ ಅಳತೆಯ ಫಿಟ್‌ಗೆ ಸಾಮಾನ್ಯವಾಗಿ ಅಷ್ಟು ಸಾಕು.

ಮೊದಲು ಓ-ರಿಂಗ್, ಪ್ಲಾಸ್ಟಿಕ್ ಎಲ್ಲ ಬಿಚ್ಚಿಡಿ. ಸಂದಿಯಲ್ಲಿ ಗಟ್ಟಿಯಾದ ಕಾಫಿ ಜಿಡ್ಡನ್ನ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಉಜ್ಜಿ. ವಾಷಿಂಗ್ ಸೋಡಾ ಬೇಡ, ಅಲ್ಯೂಮಿನಿಯಂ ಕಪ್ಪಾಗುತ್ತೆ. ಒರೆಸಿ, ಓಟಿಜಿಯಲ್ಲಿ 120 ಡಿಗ್ರಿಗೆ 20 ನಿಮಿಷ ಇಡಿ.

ಅಷ್ಟರಲ್ಲಿ ಕೆಳಗಿಡೋ ಪೈಪ್ ತುಂಡು ಸಿದ್ಧವಿರಲಿ: ಕಬ್ಬಿಣದ್ದು, ಒಳವ್ಯಾಸ 50ರಿಂದ 55 ಮಿ.ಮೀ. ಪಿವಿಸಿ ಆ ಬಿಸಿಗೆ ಮೆತ್ತಗಾಗುತ್ತೆ. ರಿಂಗ್ ಅದರ ಮೇಲೆ ಕೂರಬೇಕು, ಬರ್ ಒಳಗೆ ಬೀಳಬೇಕು. ದಪ್ಪ ಗ್ಲೌಸ್ ಹಾಕಿ ಹೊರತೆಗೆದ ತಕ್ಷಣ ಬರ್ ಮೇಲೆ ಮರದ ತುಂಡಿಟ್ಟು ಒತ್ತಿ. ಓರೆಯಾದರೆ ಮತ್ತೆ ಕಚ್ಚುತ್ತೆ. ಆಗ ಬಡಿಯಬೇಡಿ, ಇನ್ನೊಮ್ಮೆ ಕಾಯಿಸಿ. ಸ್ಕ್ರೂಡ್ರೈವರ್‌ನಿಂದ ಮೀಟಿದ್ರೆ ರಿಂಗ್ ಗಾಯವಾಗುತ್ತೆ.

ಉತ್ತರ 2
ಮೇಲಿನದೆಲ್ಲ ರಿಂಗ್ ಅಲ್ಯೂಮಿನಿಯಂ ಆಗಿದ್ದರೆ ಮಾತ್ರ. ಆಯಸ್ಕಾಂತ ಹಿಡಿದು ನೋಡಿ. ಕೆಲವು ಸ್ಟೇನ್‌ಲೆಸ್‌ಗೂ ಅದು ಅಂಟಲ್ಲ, ಹಾಗಾಗಿ ಕಾಣದ ಜಾಗದಲ್ಲಿ ಬ್ಲೇಡ್‌ನಿಂದ ಗೀರಿ. ಸುಲಭವಾಗಿ ಬೆಳ್ಳಗೆ ಕೆತ್ತಿ ಬಂದರೆ ಅಲ್ಯೂಮಿನಿಯಂ. ಮಾಮೂಲಿ ಉಕ್ಕಾದರೆ ಎರಡೂ ಸಮಸಮ ಹಿಗ್ಗುತ್ತೆ, ಓವನ್‌ನಿಂದ ಪ್ರಯೋಜನವಿಲ್ಲ. ಲೇತ್ ಅಂಗಡಿಯ ಹೈಡ್ರಾಲಿಕ್ ಪ್ರೆಸ್ಸೇ ಗತಿ.

ಇನ್ನೊಂದು: ಒಂದು ಕಡೆ ರಿಂಗ್‌ಗೆ ಒಳಮೆಟ್ಟಿಲು ಇದೆಯಾ ನೋಡಿ. ಇದ್ದರೆ ಬರ್ ಆ ಕಡೆಯಿಂದ ಹೊರಬರಲ್ಲ, ವಿರುದ್ಧ ದಿಕ್ಕಿಗೇ ತಳ್ಳಬೇಕು.

ಪ್ರಶ್ನೆ ಕೇಳಿದವರು
ಆಯಸ್ಕಾಂತ ಅಂಟಲ್ಲ, ಬ್ಲೇಡ್‌ಗೆ ಕೆತ್ತುತ್ತೆ. ಕೆಳಗಡೆ 1 ಮಿ.ಮೀ. ಮೆಟ್ಟಿಲಿದೆ, ನಾನು ಬಡಿದದ್ದು ಅದೇ ದಿಕ್ಕಿಗೆ! ಸಂದಿಯಲ್ಲಿ ಸಣ್ಣ ಹಸಿರು ಗೆರೆಯೂ ಕಾಣ್ತಿದೆ.

ಉತ್ತರ 2
ಹಸಿರು ಗೆರೆ ಬೇರಿಂಗ್ ಕೂರಿಸೋ ಅಂಟಿರಬಹುದು. ಮೊದಲು 120ರಲ್ಲಿ ಸರಿಯಾದ ದಿಕ್ಕಿಗೆ ಒತ್ತಿ ನೋಡಿ. ಬರದಿದ್ದರೆ 250ಕ್ಕೆ ಏರಿಸಬೇಡಿ. ಗಟ್ಟಿ ಬಗೆಯ ಅಂಟು ಅಲ್ಲಿ ಮೆತ್ತಗಾಗುತ್ತೆ ನಿಜ, ಆದರೆ ರಿಂಗ್‌ನ ಗಟ್ಟಿತನವೂ ಇಳಿಯಬಹುದು. ಹಳೇ ಬರ್ ಹೇಗೂ ಗುಜರಿಗೆ ಹೋಗೋದು, ಅದನ್ನೇ ಬಲಿಕೊಡಿ. ಒಳಗಿನಿಂದ ಸಣ್ಣ ಕಟಿಂಗ್ ಡಿಸ್ಕ್‌ನಲ್ಲಿ ಉದ್ದಕ್ಕೂ ಸೀಳು ಹಾಕಿ, ರಿಂಗ್ ತಾಗಲು 1 ಮಿ.ಮೀ. ಇರುವಾಗ ನಿಲ್ಲಿಸಿ, ಸೀಳಿನಲ್ಲಿ ಉಳಿ ಇಟ್ಟು ಒಂದೇಟು ಕೊಡಿ. ಹದಗೊಳಿಸಿದ ಉಕ್ಕು ಬಾಗಲ್ಲ, ಚಟ್ಟನೆ ಸೀಳುತ್ತೆ. ಚೂರು ಹಾರುತ್ತೆ, ಕನ್ನಡಕ ಕಡ್ಡಾಯ.

ಉತ್ತರ 1
ಹೊಸದು ಕೂರಿಸುವಾಗ ಫ್ರೀಜರ್ ನಿಜಕ್ಕೂ ಕೆಲಸಕ್ಕೆ ಬರುತ್ತೆ. ಬರ್ ಮಾತ್ರ ಫ್ರೀಜರ್‌ಗೆ, ರಿಂಗ್ ಮಾತ್ರ 120 ಡಿಗ್ರಿಗೆ. ಇಬ್ಬನಿ ಕೂತರೆ ಒರೆಸಿ, ಮೆಟ್ಟಿಲಿಗೆ ತಾಗೋವರೆಗೆ ಒಂದೇ ಸಲಕ್ಕೆ ಇಳಿಸಿ, ಐದಾರು ಸೆಕೆಂಡ್‌ನಲ್ಲಿ ಹಿಡಿದುಬಿಡುತ್ತೆ. ಬರ್‌ನಲ್ಲಿ ಕಚ್ಚು ಇದ್ದರೆ ಅದರ ನೇರಕ್ಕೆ ರಿಂಗ್ ಮೇಲೆ ಈಗಲೇ ಗೀರು ಹಾಕಿಟ್ಟಿರಿ. ಜೋಡಿಸಿದ ಮೇಲೆ ಕೈಯಲ್ಲಿ ತಿರುಗಿಸಿ ಕೇಳಿ: ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಕರಕರ ಅಂದರೆ ಬರ್ ಓರೆ ಕೂತಿರಬಹುದು, ಬಿಚ್ಚಿ ನೋಡದೆ ಕಾಳು ಹಾಕಬೇಡಿ.