ಹಂದಿಯ ದಂತಾಂಕುರದ ಕೋಶಕೃಷಿ: ಅಲಿಜರಿನ್ ರೆಡ್ ಹಿಡಿದರೆ ಎನಾಮೆಲ್ ಬಂದಂತೆಯೇ?

ಪ್ರಶ್ನೆ:
ಆರು ತಿಂಗಳ ಹಂದಿಯ ದವಡೆಯಿಂದ ಮೂರನೇ ದವಡೆಹಲ್ಲಿನ ಅಂಕುರವನ್ನು ಬಿಡಿಸಿ, ಅದರ ಎನಾಮೆಲ್ ಅಂಗದ (ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ರೂಪಿಸುವ ಭಾಗದ) ಕೋಶಗಳನ್ನು ಶೇ 10ರಷ್ಟು ಸೀರಂ ಬೆರೆಸಿದ ಡಿಎಂಇಎಂ ಎಂಬ ಮಾಧ್ಯಮದಲ್ಲಿ (ಪೋಷಕ ದ್ರವದಲ್ಲಿ) ಬೆಳೆಸುತ್ತಿದ್ದೇನೆ. ಆರಂಭದಲ್ಲಿ ಕಲ್ಲುಹಾಸಿನಂತೆ ಒತ್ತಾಗಿ ಕೂತಿದ್ದ ಕೋಶಗಳ ನಡುವೆ ಕದಿರಿನ ಆಕಾರದ ಕೋಶಗಳು ನುಗ್ಗಿ, ಎರಡನೇ ಪ್ಯಾಸೇಜ್ (ಕೋಶಗಳನ್ನು ಹೊಸ ತಟ್ಟೆಗೆ ವರ್ಗಾಯಿಸುವುದು) ಹೊತ್ತಿಗೆ ತಟ್ಟೆಯನ್ನೆಲ್ಲ ಆವರಿಸಿದವು. ಫಾಸ್ಫೇಟ್ ಒದಗಿಸುವ ಬೀಟಾ-ಗ್ಲಿಸರೋಫಾಸ್ಫೇಟ್ ಹಾಕಿದ ಮೇಲೆ ಅಲಿಜರಿನ್ ರೆಡ್ ಬಣ್ಣ ಗಾಢವಾಗಿ ಹಿಡಿಯಿತು. ಇದನ್ನು ಎನಾಮೆಲ್ ಎಂದು ಪರಿಗಣಿಸಬಹುದೇ?

ಉತ್ತರ:
ಇಲ್ಲ. ಅಲಿಜರಿನ್ ರೆಡ್ ಕ್ಯಾಲ್ಸಿಯಂ ಇರುವ ಕಡೆಯೆಲ್ಲ ಹಿಡಿಯುತ್ತದೆ. ಆ ಕ್ಯಾಲ್ಸಿಯಂ ಎನಾಮೆಲ್‌ನದೋ, ಮೂಳೆಯದೋ, ಮಾಧ್ಯಮದಲ್ಲೇ ಗಟ್ಟಿಯಾಗಿ ಬೇರ್ಪಟ್ಟ ಲವಣದ್ದೋ ಎಂಬುದನ್ನು ಅದು ಹೇಳುವುದಿಲ್ಲ. ಅಲ್ಕಲೈನ್ ಫಾಸ್ಫಟೇಸ್ ಕಿಣ್ವವು ಬೀಟಾ-ಗ್ಲಿಸರೋಫಾಸ್ಫೇಟನ್ನು ಒಡೆದಾಗ ಬಿಡುಗಡೆಯಾಗುವ ಫಾಸ್ಫೇಟ್, ಮಾಧ್ಯಮದ ಕ್ಯಾಲ್ಸಿಯಂ ಜೊತೆ ಸೇರಿ ಕೋಶಗಳ ಕಾರ್ಯವಿಲ್ಲದೆಯೇ ಹರಳಾಗಬಹುದು. ನಿಮ್ಮ ಕದಿರಿನ ಕೋಶಗಳು ಬಹುಶಃ ದಂತ ಪ್ಯಾಪಿಲ್ಲಾ (ಅಂಕುರದ ಒಳತಿರುಳು) ಅಥವಾ ಅಂಕುರವನ್ನು ಸುತ್ತುವರಿದ ಫಾಲಿಕಲ್‌ನಿಂದ ಬಂದವು. ಅವು ಸ್ವತಃ ಖನಿಜ ಶೇಖರಿಸಬಲ್ಲವು. ಮೊದಲು ಕೋಶಗಳಿಲ್ಲದ ತಟ್ಟೆಗೂ ಅದೇ ಮಾಧ್ಯಮ, ಅದೇ ಬಣ್ಣ ಹಾಕಿ ನೋಡಿ. ನಂತರ ಕೆರಟಿನ್ 14 (ಎಪಿಥೀಲಿಯಂ, ಅಂದರೆ ಹೊದಿಕೆ ಪದರದ ಕೋಶಗಳ ಗುರುತು) ಮತ್ತು ವಿಮೆಂಟಿನ್ (ಕದಿರಿನಾಕಾರದ ಸಂಯೋಜಕ ಕೋಶಗಳ ಗುರುತು) ಎರಡನ್ನೂ ಪರೀಕ್ಷಿಸಿ, ಎನಾಮೆಲ್ ಪ್ರೋಟೀನಾದ ಅಮೆಲೊಜೆನಿನ್ ಸಿಕ್ಕರೆ ಮಾತ್ರ ಮುಂದಿನ ಮಾತು.

ಬೇರೆ ಕೋಶಗಳ ಕಾಟಕ್ಕೆ ಮೂಲ ಬಿಡಿಸುವ ಹಂತದಲ್ಲೇ ಇದೆ ಎಂದು ನನ್ನ ಅನಿಸಿಕೆ. ಪದರಗಳನ್ನು ಬಿಡಿಸುವ ಡಿಸ್ಪೇಸ್ ಕಿಣ್ವದಲ್ಲಿ ನೆನೆಸಿದ ಬಳಿಕ ಎಪಿಥೀಲಿಯಂ ಪದರ ಹಾಳೆಯಂತೆ ಕಳಚಿಬರುತ್ತದೆ. ಅಂಚಿಗೆ ಅಂಟಿದ ಪ್ಯಾಪಿಲ್ಲಾ ತುಣುಕುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಿಂದ ತೆಗೆಯಿರಿ. ಸೀರಂ ಆ ಕದಿರಿನ ಆಕಾರದ ಫೈಬ್ರೊಬ್ಲಾಸ್ಟ್‌ಗಳಿಗೇ ಅನುಕೂಲ; ಕಡಿಮೆ ಕ್ಯಾಲ್ಸಿಯಂನ ಸೀರಂರಹಿತ ಕೆರಟಿನೊಸೈಟ್ (ಚರ್ಮದ ಎಪಿಥೀಲಿಯಲ್ ಕೋಶ) ಮಾಧ್ಯಮಕ್ಕೆ ಬದಲಾಯಿಸಿ. ಪ್ಯಾಸೇಜ್ ಮಾಡುವಾಗ, ಕೋಶಗಳನ್ನು ತಟ್ಟೆಯಿಂದ ಬಿಡಿಸುವ ಕಿಣ್ವವಾದ ಟ್ರಿಪ್ಸಿನ್‌ನಲ್ಲಿ ಮೊದಲು ಬಿಟ್ಟೇಳುವ ಫೈಬ್ರೊಬ್ಲಾಸ್ಟ್‌ಗಳನ್ನು ಚೆಲ್ಲಿ, ಅಂಟಿಕೊಂಡೇ ಉಳಿದ ಎಪಿಥೀಲಿಯಲ್ ಕೋಶಗಳಿಗೆ ಹೊಸ ಟ್ರಿಪ್ಸಿನ್ ಹಾಕಿ. ಟೋಕಿಯೊದ ಹೋಂಡಾ ಅವರ ತಂಡ 2007ರ ಸುಮಾರಿಗೆ ಹಂದಿಯ ಇಂಥವೇ ಕೋಶಗಳನ್ನು 3ಟಿ3-ಜೆ2 ಎಂಬ ಪೋಷಕ ಕೋಶಗಳ ಮೇಲೆ ಬೆಳೆಸಿ, ಸ್ಪಂಜಿನ ಆಧಾರದೊಡನೆ ಇಲಿಯ ಹೊಟ್ಟೆಯೊಳಗೆ ನಾಟಿ ಎನಾಮೆಲ್ ರೂಪುಗೊಂಡುದನ್ನು ವರದಿ ಮಾಡಿತ್ತು. ಬರೀ ತಟ್ಟೆಯಲ್ಲಿ ಅದು ಆಗಿರಲಿಲ್ಲ ಎಂಬುದನ್ನು ಗಮನಿಸಿ.

ಪ್ರಶ್ನಿಸಿದವರು:
ಕೋಶಗಳಿಲ್ಲದ ತಟ್ಟೆಯೂ ಅಲ್ಲಲ್ಲಿ ಕೆಂಪಾಯಿತು. ಡಿಸ್ಪೇಸ್ ವಿಧಾನದಲ್ಲಿ ಬಂದ ಕೋಶಗಳು ಕೆರಟಿನ್ 14 ತೋರಿಸುತ್ತಿವೆ, ಆದರೆ ಅಮೆಲೊಜೆನಿನ್ ಇಲ್ಲ.

ಉತ್ತರ:
ಅದು ನಿರೀಕ್ಷಿತವೇ. ಕಡಿಮೆ ಕ್ಯಾಲ್ಸಿಯಂ ಕೋಶಗಳನ್ನು ವಿಭಜನೆಯಲ್ಲೇ ಹಿಡಿದಿಡುತ್ತದೆ, ಅವು ಎನಾಮೆಲ್ ಸ್ರವಿಸುವ ಅಮೆಲೊಬ್ಲಾಸ್ಟ್ ಆಗಿ ಪ್ರೌಢವಾಗುವುದಿಲ್ಲ. ತಟ್ಟೆ ತುಂಬಿದ ಮೇಲೆ ಕ್ಯಾಲ್ಸಿಯಂ ಏರಿಸಿ, ಜೊತೆಗೆ ಅದೇ ಅಂಕುರದ ಪಲ್ಪ್ (ತಿರುಳು) ಕೋಶಗಳನ್ನು ಪೊರೆಯ ಆಚೆ ಬದಿಯಲ್ಲಿ ಬೆಳೆಸಿ; ಪಲ್ಪ್ ಕೋಶಗಳಿಂದ ರೂಪುಗೊಳ್ಳುವ ಓಡಾಂಟೊಬ್ಲಾಸ್ಟ್‌ಗಳ ಸಂಕೇತವಿಲ್ಲದೆ ಅಮೆಲೊಬ್ಲಾಸ್ಟ್‌ಗಳು ಮುಂದುವರಿಯುವುದು ಕಷ್ಟ. ಬೀಟಾ-ಗ್ಲಿಸರೋಫಾಸ್ಫೇಟನ್ನು ಸದ್ಯಕ್ಕೆ ಬಿಟ್ಟುಬಿಡಿ.